ಡಾಕ್ಎಕ್ಸೂ ಐಎಸ್‌ಒ, ಓಡಿಟೀನೂ ಐಎಸ್‌ಒ. ಒಂದೇ ಕೆಲ್ಸಕ್ಕೆ ಎರಡು ಸ್ಟ್ಯಾಂಡರ್ಡ್ ಹೆಂಗಾಯ್ತು?

ಕೋರ್ಟ್‌ರೋಡ್_ಡಿಟಿಪಿ (ತುಮಕೂರು)

ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ಕೋರ್ಟ್ ಹತ್ರ ನಂದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಐತೆ, ಹದಿನಾರು ವರ್ಷ ಆಯ್ತು. ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು, ಲಗ್ನಪತ್ರಿಕೆ ಎಲ್ಲಾ ಟೈಪ್ ಮಾಡ್ತೀವಿ. ಎರಡು ಸಿಸ್ಟಂಗೂ ಲೈಸೆನ್ಸ್ ದುಡ್ಡು ಕಟ್ಟೋಷ್ಟು ವ್ಯಾಪಾರ ಇಲ್ಲ, ಕದ್ದ ಕಾಪಿ ಹಾಕ್ಕೊಳ್ಳೋಕೆ ಮನಸ್ಸಿಲ್ಲ, ಅದಕ್ಕೇ ನಾಲ್ಕು ವರ್ಷದಿಂದ ಲಿಬ್ರೆಆಫೀಸ್ ಅನ್ನೋ ಬಿಟ್ಟಿ ಸಾಫ್ಟ್‌ವೇರಲ್ಲೇ ಕೆಲ್ಸ.

ಹೋದ ವಾರ ಕೊರಟಗೆರೆ ಕಡೆ ಹಳ್ಳಿಯಿಂದ ಒಂದು ಸ್ತ್ರೀಶಕ್ತಿ ಸಂಘದೋರು ಬಂದಿದ್ರು. 14 ಜನರ ಹೆಸರು, ಖಾತೆ ನಂಬರ್ ಇರೋ ಟೇಬಲ್ಲು, ಕೆಳಗೆ ಸಹಿ ಹಾಕೋ ಜಾಗ, ಒಂದೇ ಪುಟ. ಕಚೇರೀಲಿ ಡಾಕ್ಎಕ್ಸ್, ಅಂದ್ರೆ ಮೈಕ್ರೋಸಾಫ್ಟ್ ವರ್ಡ್ ಫೈಲು ಮಾತ್ರ ಮೇಲ್ ಮಾಡಿ ಅಂದ್ರು, ಹಂಗೇ ಸೇವ್ ಮಾಡಿ ಕಳಿಸ್ದೆ. ನನ್ ಸಿಸ್ಟಂನಲ್ಲಿ ಅಚ್ಚುಕಟ್ಟಾಗಿತ್ತು. ಅಲ್ಲಿ ಓಪನ್ ಮಾಡಿದಾಗ ಕೊನೆ ಎರಡು ಹೆಸರು ಮುಂದಿನ ಪುಟಕ್ಕೆ ಹೋಗಿ, ಸಹಿ ಗೆರೆ ಒಂಟಿಯಾಗಿ ಎಲ್ಲೋ ನಿಂತ್ಕೊಂಡು, ನಮೂನೆ ಸರಿಯಿಲ್ಲ ಅಂತ ವಾಪಸ್ ಕಳಿಸವ್ರೆ. ಆ ಅಮ್ಮಂದಿರು ಎರಡು ಬಸ್ ಹತ್ತಿ ಮತ್ತೆ ಬಂದ್ರು, ಒಂದು ದಿನದ ಕೂಲಿ ಹೋಯ್ತು ಅವರಿಗೆ. ಅದರಲ್ಲಿ ಒಬ್ಬರು "ನೀನು ನೆಟ್ಟಗೆ ಮಾಡಿದ್ರೆ ನಾವ್ಯಾಕೆ ಮತ್ತೆ ಬರ್ತಿದ್ವಿ ಮಗ" ಅಂದ್ರು. ಏನ್ ಹೇಳ್ಲಿ.

ರಾತ್ರಿ ಕೂತ್ಕೊಂಡು ಓದಿದ್ರೆ ಲಿಬ್ರೆಆಫೀಸ್‌ನ ಓಡಿಟಿ ಫೈಲೂ ಐಎಸ್‌ಒ (ಪ್ರಪಂಚಕ್ಕೆಲ್ಲಾ ಮಾನಕ ಮಾಡೋ ಸಂಸ್ಥೆ) ಸ್ಟ್ಯಾಂಡರ್ಡ್ ಅಂತೆ, ಡಾಕ್ಎಕ್ಸೂ ಐಎಸ್‌ಒ ಸ್ಟ್ಯಾಂಡರ್ಡ್ ಅಂತೆ. ಸ್ಟ್ಯಾಂಡರ್ಡ್ ಅಂದ್ಮೇಲೆ ಒಂದೇ ಇರಬೇಕಲ್ವಾ? ಎರಡನೇದನ್ನ ಪಾಸ್ ಮಾಡಿಸೋಕೆ ಮೈಕ್ರೋಸಾಫ್ಟ್ ಕಂಪನಿಯೋರು ದೇಶದೇಶದಲ್ಲಿ ಓಟು ಹಾಕಿಸ್ಕೊಂಡ್ರು ಅಂತಾನೂ ಬರ್ದವ್ರೆ. ಗೊತ್ತಿರೋರು ಹೇಳಿ, ಇದೆಷ್ಟು ನಿಜ?

ಕ್ಯಾತ್ಸಂದ್ರ_ಲೋಕಲ್

ಪಿಡಿಎಫ್ ಮಾಡಿ ಕಳಿಸಣ್ಣ, ಮುಗೀತು ಕಥೆ.

ಕೋರ್ಟ್‌ರೋಡ್_ಡಿಟಿಪಿ

ಪಿಡಿಎಫ್ ಬೇಡ ಅಂದ್ರಪ್ಪ, ಅವರೇ ಫೈಲ್ ನಂಬರು, ತಾರೀಖು ತುಂಬಬೇಕಂತೆ ಅದರೊಳಗೆ.

ಮಾಲೂರು_ಟೆಸ್ಟರ್

ಅಣ್ಣ, ಓಟಿನ ಕಥೆ ನಿಜಾನೇ, ನಾನು ಆಗ ಇಂಜಿನಿಯರಿಂಗ್ ಓದ್ತಿದ್ದೆ, ನಮ್ಮ ಲಿನಕ್ಸ್ ಗುಂಪಲ್ಲಿ ಬೇರೆ ಮಾತೇ ಇರ್ಲಿಲ್ಲ. ಓಡಿಎಫ್ (ನಿಮ್ಮ ಓಡಿಟಿ ಇದರದೇ ಒಂದು ಭಾಗ) ಮೊದಲು ಬಂದಿದ್ದು. ಓಪನ್ಆಫೀಸ್‌ನ ಫೈಲ್ ಫಾರ್ಮ್ಯಾಟ್ ಇಟ್ಕೊಂಡು ಓಯಾಸಿಸ್ ಅನ್ನೋ ಸಂಸ್ಥೆ 2005ರಲ್ಲಿ ಸ್ಟ್ಯಾಂಡರ್ಡ್ ಮಾಡ್ತು, 2006ರಲ್ಲಿ ಐಎಸ್‌ಒ 26300 ಅಂತ ನಂಬರ್ ಬಿತ್ತು. ಸುಮಾರು 700 ಪುಟ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರ 2005ರಲ್ಲೇ ನಮ್ಮ ಕಡತ ಎಲ್ಲಾ ಇದರಲ್ಲೇ ಇರಬೇಕು ಅಂತ ತೀರ್ಮಾನ ಮಾಡಿದ್ಮೇಲೆ ಮೈಕ್ರೋಸಾಫ್ಟ್‌ಗೆ ಬಿಸಿ ಮುಟ್ತು. ಸರ್ಕಾರಗಳೆಲ್ಲಾ ಸ್ಟ್ಯಾಂಡರ್ಡ್ ಬೇಕು ಅಂತ ಕೂತ್ರೆ ಆಫೀಸ್ ಮಾರೋದು ಹೆಂಗೆ? ಅವರ ಫಾರ್ಮ್ಯಾಟನ್ನ ಎಕ್ಮಾ ಅನ್ನೋ ಸಂಸ್ಥೆಗೆ ಕೊಟ್ರು, 2006 ಡಿಸೆಂಬರ್‌ನಲ್ಲಿ ಅಲ್ಲಿ ಪಾಸ್ ಆಯ್ತು, ಅಲ್ಲಿಂದ ಫಾಸ್ಟ್ ಟ್ರ್ಯಾಕ್‌ನಲ್ಲಿ ಐಎಸ್‌ಒಗೆ. ಎಷ್ಟು ಪುಟ ಗೊತ್ತಾ, ಸುಮಾರು 6000! ಅಷ್ಟನ್ನ ಯಾರು ಕೂತು ಓದ್ತಾರೆ ಐದು ತಿಂಗಳಲ್ಲಿ?

ಶಿರಾ_ಶೇಂಗಾ

ಇಂಡಿಯಾನೂ ಯೆಸ್ ಅಂತ ಓಟು ಹಾಕ್ತಲ್ವಾ ಅದಕ್ಕೆ? ಎಲ್ಲಾ ಒಂದೇ.

ಮಾಲೂರು_ಟೆಸ್ಟರ್

ಇಲ್ಲ ಬ್ರೋ, ಗೊತ್ತಿಲ್ದೆ ಹೇಳ್ಬೇಡಿ. ಇಂಡಿಯಾ ನೋ ಅಂದಿದ್ದು, ಅದೂ ಎರಡು ಸಲ. ನಮ್ಮ ಕಡೆಯಿಂದ ಓಟು ಹಾಕೋದು ಬಿಐಎಸ್, ನಮ್ಮನೆ ಕುಕ್ಕರ್ ಮೇಲೆ ಐಎಸ್‌ಐ ಮಾರ್ಕ್ ಕೊಡ್ತಾರಲ್ಲ, ಅವರೇ. 2007 ಸೆಪ್ಟೆಂಬರ್‌ನಲ್ಲೂ ಬೇಡ ಅಂದ್ರು, 2008 ಮಾರ್ಚ್‌ನಲ್ಲಿ ಮತ್ತೆ ಸಮಿತಿ ಕೂತಾಗ 13 ಜನ ಬೇಡ, 5 ಜನ ಬೇಕು, ಒಬ್ಬರು ಯಾವ ಕಡೆಗೂ ಇಲ್ಲ. ಆಮೇಲೆ ಐಎಸ್‌ಒ ಪಾಸ್ ಮಾಡಿದ್ಮೇಲೂ ಸುಮ್ನಿರದೆ ಇಂಡಿಯಾ, ದಕ್ಷಿಣ ಆಫ್ರಿಕಾ, ಬ್ರೆಜಿಲ್, ವೆನೆಜುವೆಲಾ ನಾಲ್ಕೂ ದೇಶ ಮೇಲ್ಮನವಿ ಹಾಕಿದ್ವು. 2008 ಆಗಸ್ಟ್‌ನಲ್ಲಿ ಅದನ್ನ ತಳ್ಳಿಹಾಕಿದ್ರು.

ಶಿರಾ_ಶೇಂಗಾ

ಓ, ಇದು ಗೊತ್ತಿರ್ಲಿಲ್ಲ. ತಪ್ಪಾಯ್ತು, ವಾಪಸ್ ತಗೊಂಡೆ. ಇಷ್ಟು ಗಟ್ಟಿಯಾಗಿ ನಿಂತಿದ್ರು ಅಂತ ನಮ್ ಕಾಲೇಜಲ್ಲಿ ಯಾರೂ ಹೇಳ್ಲೇ ಇಲ್ಲ.

ಹಾಲಿನಡೈರಿ_ಗುಬ್ಬಿ

ಸ್ವೀಡನ್‌ನಲ್ಲಿ ಆಗಿದ್ದು ಓದಿದಾಗ ನನಗೆ ನಮ್ಮೂರ ಸೊಸೈಟಿ ಎಲೆಕ್ಷನ್ನೇ ಕಣ್ಮುಂದೆ ಬಂತು. ವರ್ಷಾನುಗಟ್ಟಲೆ ಹಾಲು ಹಾಕಿ ಮೀಟಿಂಗ್‌ಗೆ ಬರೋರು ಇಪ್ಪತ್ತು ಜನ ಇರ್ತಾರೆ, ಎಲೆಕ್ಷನ್ ಹತ್ರ ಬಂದಾಗ ಇದ್ದಕ್ಕಿದ್ದಂಗೆ ಮೂವತ್ತು ಜನ ಶೇರು ತಗೊಂಡು ಬಂದು ನಿಂತ್ಕೊತಾರೆ, ಅವರ ಕೊಟ್ಟಿಗೇಲಿ ಹಸು ಐತೋ ಇಲ್ವೋ ದೇವರಿಗೇ ಗೊತ್ತು. 2007 ಆಗಸ್ಟ್‌ನಲ್ಲಿ ಸ್ವೀಡನ್ ಸಮಿತಿಗೂ ಹಿಂಗೇ ಕಡೇ ಗಳಿಗೇಲಿ ಫೀಸು ಕಟ್ಟಿ ಒಂದು ರಾಶಿ ಕಂಪನಿಗಳು ಸೇರ್ಕೊಂಡ್ವು, ಹೆಚ್ಚಿನವು ಮೈಕ್ರೋಸಾಫ್ಟ್ ಜೊತೆ ವ್ಯಾಪಾರ ಮಾಡೋವು. ಓಟು ಹಾಕಿ ಯೆಸ್ ಮಾಡಿದ್ವು. ಆಮೇಲೆ ನೋಡಿದ್ರೆ ಮೈಕ್ರೋಸಾಫ್ಟ್ ಉದ್ಯೋಗಿಯೊಬ್ಬರು ಪಾರ್ಟ್ನರ್‌ಗಳಿಗೆ ಮೇಲ್ ಬರೆದು, ಬಂದು ಓಟು ಹಾಕಿ, ಮಾರ್ಕೆಟಿಂಗ್ ಸಹಾಯ ಮಾಡ್ತೀವಿ ಅಂದಿದ್ರು. ಕಂಪನಿನೇ ಆ ಮೇಲ್ ನಿಜ ಅಂತ ಒಪ್ಕೊಂಡಿತು, ತಪ್ಪಾಯ್ತು ಅಂತು.

ಓಟು ರದ್ದಾಯ್ತು ಸರಿ, ಆದ್ರೆ ಯಾವ ಕಾರಣಕ್ಕೆ ಅಂತ ನೋಡಿ. ಒಬ್ಬ ಸದಸ್ಯರು ಎರಡು ಓಟು ಹಾಕಿದ್ರು ಅನ್ನೋ ಟೆಕ್ನಿಕಲ್ ಕಾರಣಕ್ಕೆ. ಮೇಲ್ ಕಳಿಸಿದ್ದಕ್ಕಲ್ಲ. ಅದೇ ನನಗೆ ಸಂಕಟ ಆಗಿದ್ದು.

ವೈಟ್‌ಫೀಲ್ಡ್_ಟು_ಬಂಗಾರಪೇಟೆ

ಒಂದು ನಿಮಿಷ. ಎಲ್ಲಾ ತಪ್ಪೂ ಒಂದೇ ಕಡೆ ಹಾಕ್ಬೇಡಿ. ನಾನು ದಿನಾ ಟ್ರೈನಲ್ಲಿ ಹೋಗಿ ಸಾಫ್ಟ್‌ವೇರ್ ಕೆಲ್ಸ ಮಾಡೋನು, ಈ ಫೈಲುಗಳ ಜೊತೆ ಗುದ್ದಾಡಿದೀನಿ. ಓಡಿಎಫ್ ಹಿಂದೆ ಯಾರಿದ್ರು? ಸನ್ ಮತ್ತೆ ಐಬಿಎಂ. ಅವರೇನು ಧರ್ಮಛತ್ರ ನಡೆಸ್ತಿದ್ರಾ? ಮೈಕ್ರೋಸಾಫ್ಟ್ ಆಫೀಸ್ ಬಿದ್ರೆ ಅವರಿಗೆ ಲಾಭ, ಅದಕ್ಕೆ ತಳ್ಳಿದ್ರು. ಓಡಿಎಫ್ ಐಎಸ್‌ಒ ಆದಾಗ ಸ್ಪ್ರೆಡ್‌ಶೀಟ್ ಫಾರ್ಮುಲಾ ಹೆಂಗೆ ಬರೀಬೇಕು ಅಂತಾನೇ ಅದರಲ್ಲಿ ಇರ್ಲಿಲ್ಲ. ಲೆಕ್ಕದ ಹಾಳೆಗೆ ಸ್ಟ್ಯಾಂಡರ್ಡ್ ಅಂತೀರಾ, ಕೂಡೋದು ಕಳೆಯೋದು ಹೆಂಗೆ ಅಂತ ಹೇಳಲ್ಲ. ಅದು ಸೇರಿದ್ದು 1.2 ಆವೃತ್ತೀಲಿ, 2011ರಲ್ಲಿ. ಇನ್ನೊಂದು ಕಡೆ ಪ್ರಪಂಚದಲ್ಲಿ ಕೋಟಿಗಟ್ಟಲೆ ಹಳೇ ವರ್ಡ್, ಎಕ್ಸೆಲ್ ಫೈಲುಗಳು ಇದ್ವು. ಅವುಗಳ ಒಳಗೆ ಏನೈತೆ ಅಂತ ಬರೆದು ಹೊರಗಿಟ್ಟಿದ್ದು ಒಳ್ಳೇದೇ ಆಯ್ತಲ್ವಾ? ಇವತ್ತು ಲಿಬ್ರೆಆಫೀಸ್ ಡಾಕ್ಎಕ್ಸ್ ಇಷ್ಟರಮಟ್ಟಿಗೆ ಓದುತ್ತೆ ಅಂದ್ರೆ ಆ 6000 ಪುಟದ ಪಾಲೂ ಇದೆ.

ಮಾಲೂರು_ಟೆಸ್ಟರ್

ಫಾರ್ಮುಲಾ ವಿಷಯ ಒಪ್ತೀನಿ, ಅದು ದೊಡ್ಡ ಕೊರತೆನೇ. ಆದ್ರೆ "ಬರೆದು ಹೊರಗಿಟ್ರು" ಅಂತೀರಲ್ಲ, ಏನು ಬರೆದ್ರು ನೋಡಿ. ಮೊದಲ ಕರಡಲ್ಲಿ ಒಂದು ಸೆಟ್ಟಿಂಗ್ ಹೆಸರು "ಆಟೋ ಸ್ಪೇಸ್ ಲೈಕ್ ವರ್ಡ್ 95". ಅಂದ್ರೆ ವರ್ಡ್ 95 ಹೆಂಗೆ ಜಾಗ ಬಿಡ್ತಿತ್ತೋ ಹಂಗೆ ಬಿಡಿ ಅಂತ. ಹೆಂಗೆ ಬಿಡ್ತಿತ್ತು ಅನ್ನೋದು ಬರೆದೇ ಇಲ್ಲ! ಅದು ಗೊತ್ತಿರೋದು ಒಂದೇ ಕಂಪನಿಗೆ. ನಮ್ಮಜ್ಜಿ ಮಾಡ್ತಿದ್ದಂಗೆ ಸಾರು ಮಾಡು ಅಂತ ಹೇಳಿ, ಅಜ್ಜಿ ಏನು ಹಾಕ್ತಿದ್ಲು ಅಂತ ಹೇಳ್ದೆ ಹೋದ್ರೆ ಸೊಸೆ ಏನು ಮಾಡ್ಬೇಕು?

ವೈಟ್‌ಫೀಲ್ಡ್_ಟು_ಬಂಗಾರಪೇಟೆ

ಅದನ್ನ ಆಮೇಲೆ ವಿವರ ಬರೆದು ಟ್ರಾನ್ಸಿಷನಲ್ ಅನ್ನೋ ಭಾಗಕ್ಕೆ ತಳ್ಳಿದ್ರು ಸಾರ್. ಹೊಸ ಫೈಲಿಗೆ ಸ್ಟ್ರಿಕ್ಟ್ ಅಂತ ಬೇರೆ ಭಾಗ. ಟೀಕೆ ಮಾಡಿದ್ದಕ್ಕೆ ಸರಿಹೋಯ್ತು, ಪ್ರೊಸೆಸ್ ಕೆಲಸ ಮಾಡ್ತು ಅಂತ ಅಲ್ವಾ?

ಮಾಲೂರು_ಟೆಸ್ಟರ್

ಸ್ಟ್ರಿಕ್ಟ್‌ನಲ್ಲಿ ಸೇವ್ ಮಾಡೋಕೆ ಆಫೀಸ್ 2013ರವರೆಗೆ ಕಾಯಬೇಕಾಯ್ತು. ಇವತ್ತಿಗೂ ವರ್ಡ್‌ನಲ್ಲಿ ಸುಮ್ನೆ ಸೇವ್ ಒತ್ತಿದ್ರೆ ಬರೋದು ಟ್ರಾನ್ಸಿಷನಲ್ಲೇ. ದೇಶಗಳ ತಕರಾರು ಬಗೆಹರಿಸೋಕೆ 2008ರಲ್ಲಿ ನಡೆದ ಜಿನೀವಾ ಮೀಟಿಂಗ್ ನಡೆಸಿಕೊಟ್ಟ ಅಲೆಕ್ಸ್ ಬ್ರೌನ್ ಅವರೇ, ಅವರು ವಿರೋಧಿ ಗುಂಪಿನವರೇನಲ್ಲ, 2010ರಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಮಾತು ಉಳಿಸ್ಕೊಂಡಿಲ್ಲ ಅಂತ ಬೇಜಾರಲ್ಲಿ ಬರೆದ್ರು.

ಚಿಂತಾಮಣಿ_ಮೇಷ್ಟ್ರು

ನಾನು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ. ಅಧಿಕ ವರ್ಷದ ಪಾಠ ಮಾಡುವಾಗ ಪ್ರತಿ ವರ್ಷ ಮಕ್ಕಳ ಕೈಲಿ ಇದನ್ನ ಮಾಡಿಸ್ತೀನಿ, ನೀವೂ ಮಾಡಿ ನೋಡಿ. ಎಕ್ಸೆಲ್ ತೆಗೆದು ಒಂದು ಸೆಲ್‌ನಲ್ಲಿ 60 ಅಂತ ಹಾಕಿ, ಅದನ್ನ ತಾರೀಖು ಮಾಡಿ. 1900 ಫೆಬ್ರವರಿ 29 ಅಂತ ತೋರಿಸುತ್ತೆ. ಅಂಥ ದಿನ ಪ್ರಪಂಚದಲ್ಲೇ ಇರಲಿಲ್ಲ! ಶತಮಾನದ ವರ್ಷ 400ರಿಂದ ಭಾಗ ಆದ್ರೆ ಮಾತ್ರ ಅಧಿಕ ವರ್ಷ, 2000 ಹೌದು, 1900 ಅಲ್ಲ. ಇದು ಲೋಟಸ್ 1-2-3 ಅನ್ನೋ ಹಳೇ ಸಾಫ್ಟ್‌ವೇರಲ್ಲಿದ್ದ ತಪ್ಪು. ಅದರ ಫೈಲುಗಳು ತೆರೆಯಲಿ ಅಂತ ಎಕ್ಸೆಲ್‌ನೋರು ಬೇಕಂತಲೇ ತಪ್ಪನ್ನೂ ತಗೊಂಡ್ರು. ಅಲ್ಲಿಗೆ ವ್ಯಾಪಾರದ ಲೆಕ್ಕ, ಅರ್ಥ ಆಗುತ್ತೆ. ಆದ್ರೆ ಅದೇ ತಪ್ಪನ್ನ ಅಂತರರಾಷ್ಟ್ರೀಯ ಮಾನಕದ ಕರಡಿನೊಳಗೆ ಬರೆದ್ರಲ್ಲ, ಅದು ನನಗೆ ನುಂಗೋಕಾಗಲ್ಲ. ಎಂಟನೇ ಕ್ಲಾಸಿನ ಹುಡುಗಿ ಕೇಳಿದ್ಲು, "ಸಾರ್, ತಪ್ಪು ಅಂತ ಗೊತ್ತಿದ್ದೂ ಬಿಟ್ರಾ?" ಅಂತ.

ಕ್ಯಾತ್ಸಂದ್ರ_ಲೋಕಲ್

ಮೇಷ್ಟ್ರೇ ಈಗ ಮಾಡಿ ನೋಡ್ದೆ, ನಿಜವಾಗ್ಲೂ 29 ಬಂತು!! ಲಿಬ್ರೆಆಫೀಸ್‌ನಲ್ಲಿ 28 ಬರ್ತಾ ಇದೆ.

ಚಿಂತಾಮಣಿ_ಮೇಷ್ಟ್ರು

ಹೌದಪ್ಪ, ಅವರು ಎಣಿಕೆ ಒಂದು ದಿನ ಹಿಂದಿನಿಂದ ಶುರು ಮಾಡ್ತಾರೆ, 1900 ಮಾರ್ಚ್ 1ರಿಂದ ಮುಂದಕ್ಕೆ ಎರಡೂ ಹೊಂದ್ಕೊಳುತ್ತೆ.

ತಿಪಟೂರು_ಕೊಬ್ಬರಿ

ನಾನು ಕಂಪ್ಯೂಟರ್ ಅಷ್ಟೊಂದು ಓದಿಲ್ಲ, ಮಂಡಿ ವ್ಯವಹಾರ ನಮ್ದು. ನನಗೆ ಅರ್ಥ ಆಗಿದ್ದು ಇಷ್ಟು. ಮಂಡೀಲಿ ತೂಕದ ಕಲ್ಲಿಗೆ ಸರ್ಕಾರದೋರು ಸೀಲ್ ಹಾಕ್ತಾರೆ. ರೈತ ಯಾವ ಮಂಡಿಗೆ ಹೋದ್ರೂ ಕೆಜಿ ಅಂದ್ರೆ ಕೆಜಿನೇ. ಈಗ ಒಬ್ಬ ದೊಡ್ಡ ಮಂಡಿಯವನು ತನ್ನ ಹಳೇ ಕಲ್ಲೇ ತಂದು, ಇದಕ್ಕೂ ಸೀಲ್ ಹಾಕಿ, ಊರಲ್ಲಿ ಮುಕ್ಕಾಲು ಪಾಲು ನನ್ನ ಕಲ್ಲಲ್ಲೇ ತೂಗಿರೋದು ಅಂದ್ರೆ? ಅವನು ಹೇಳೋದು ಸುಳ್ಳಲ್ಲ, ತೂಗಿರೋದು ನಿಜ. ಆದ್ರೂ ಎರಡು ಕೆಜಿಗೆ ಸೀಲ್ ಹಾಕೋಕಾಗುತ್ತಾ? ಆ ಕಲ್ಲನ್ನ ಸೀಲ್ ಮಾಡಿಸಿದ್ಮೇಲೆ ರೈತ ಯಾರನ್ನ ಕೇಳ್ಬೇಕು?

ಹಾಲಿನಡೈರಿ_ಗುಬ್ಬಿ

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ ಅಣ್ಣ.

ವೈಟ್‌ಫೀಲ್ಡ್_ಟು_ಬಂಗಾರಪೇಟೆ

ಹೋಲಿಕೆ ಚೆನ್ನಾಗಿದೆ ಅಣ್ಣ, ಆದ್ರೆ ಅರ್ಧ. ಸಿನಿಮಾ ನೋಡೋ ಫೈಲಿಗೆ ಹತ್ತು ಫಾರ್ಮ್ಯಾಟ್, ಫೋಟೋಗೆ ಜೆಪೆಗ್, ಪಿಎನ್‌ಜಿ ಎರಡೂ ಸ್ಟ್ಯಾಂಡರ್ಡೇ. ಎರಡಿದ್ರೆ ಆಕಾಶ ಬೀಳಲ್ಲ.

ಮಾಲೂರು_ಟೆಸ್ಟರ್

ಜೆಪೆಗ್, ಪಿಎನ್‌ಜಿ ಮಾಡೋ ಕೆಲ್ಸ ಬೇರೆ ಬೇರೆ, ಯಾವ ಸಾಫ್ಟ್‌ವೇರಲ್ಲಾದ್ರೂ ಎರಡೂ ಒಂದೇ ಥರ ಕಾಣುತ್ತೆ. ಇಲ್ಲಿ ಡಿಟಿಪಿ ಅಣ್ಣನ ಟೇಬಲ್ಲು ನೋಡಿದ್ರಲ್ಲ.

ಮತ್ತೆ "ಪ್ರೊಸೆಸ್" ಅಂದ್ರಲ್ಲ. 2007 ಸೆಪ್ಟೆಂಬರ್ ಓಟಲ್ಲಿ ಮುಖ್ಯ ಸದಸ್ಯ ದೇಶಗಳ 53 ಪರ್ಸೆಂಟ್ ಮಾತ್ರ ಹೌದು ಅಂದಿದ್ವು, ಮೂರನೇ ಎರಡು ಪಾಲು ಬೇಕಿತ್ತು. ಒಟ್ಟು ಓಟಲ್ಲಿ ಬೇಡ ಅಂದಿದ್ದು 26 ಪರ್ಸೆಂಟ್, 25 ದಾಟಬಾರದಿತ್ತು. ಬಿತ್ತು. 3522 ತಕರಾರು ಬಂದಿದ್ವು. ಅದನ್ನ ಬಗೆಹರಿಸೋಕೆ 2008 ಫೆಬ್ರವರಿ 25ರಿಂದ 29ರವರೆಗೆ ಜಿನೀವಾದಲ್ಲಿ ಕೂತ್ರು. ಐದೇ ದಿನ! ಒಂದೇ ಥರದವು ಸೇರಿಸಿದ್ಮೇಲೂ ಸಾವಿರದ ಮೇಲೆ ಉಳಿದ್ವು. ಬಹುಪಾಲು ತಕರಾರನ್ನ ಬಾಯಿಬಿಟ್ಟು ಚರ್ಚೆ ಮಾಡ್ಲೇ ಇಲ್ಲ, ಒಂದು ಕಾಗದ ಕೊಟ್ಟು ಒಟ್ಟಿಗೆ ಓಟು ಹಾಕಿಸಿದ್ರು. ಏಪ್ರಿಲ್ 2ಕ್ಕೆ ರಿಸಲ್ಟ್: 75 ಪರ್ಸೆಂಟ್ ಹೌದು, ಬೇಡ ಅಂದಿದ್ದು 14. ಪಾಸ್. ಆರು ತಿಂಗಳಲ್ಲಿ ಅಷ್ಟೂ ಸರಿಹೋಯ್ತು ಅಂತ ನಾನು ನಂಬಬೇಕಾ?

ಮಧುಗಿರಿ_ಹುಡುಗಿ

ನಾರ್ವೆದು ಬಿಟ್ರಲ್ಲ. ಅಲ್ಲಿ ಸಮಿತಿಯಲ್ಲಿ ಹೆಚ್ಚಿನವರು ಬೇಡ ಅಂದ್ರೂ ಸಂಸ್ಥೆ ಮೇಲಿನವರು ಯೆಸ್ ಅಂತ ಕಳಿಸಿದ್ರು, 2008 ಅಕ್ಟೋಬರ್‌ನಲ್ಲಿ 23 ಜನರ ಸಮಿತೀಲಿ 13 ಜನ ರಾಜೀನಾಮೆ ಕೊಟ್ಟು ಎದ್ದು ಹೋದ್ರು.

ಓಟಿನ ಹೊತ್ತಿಗೆ ಸರಿಯಾಗಿ ಸುಮಾರು ದೇಶಗಳು ಇದ್ದಕ್ಕಿದ್ದಂಗೆ ಮುಖ್ಯ ಸದಸ್ಯರಾದ್ವು, ಓಟು ಮುಗಿದ್ಮೇಲೆ ನಾಪತ್ತೆ. ಅದರಿಂದ ಆ ಸಮಿತಿಯ ಬೇರೆ ಕೆಲಸಗಳಿಗೆ ಕೋರಂ ಸಿಗದೆ ಎಲ್ಲಾ ನಿಂತುಹೋಗಿತ್ತು. ಡೈರಿ ಅಣ್ಣ ಹೇಳಿದ ಮೂವತ್ತು ಜನ ಹಾಲು ಹಾಕೋಕೆ ಬರ್ಲೇ ಇಲ್ಲ ನೋಡಿ.

ಆದ್ರೆ ನನ್ನ ತಲೆನೋವು ಬೇರೆ. ನಮ್ಮ ತಾತ ಊರ ಜಾತ್ರೆ, ಕೆರೆ, ತೂಬಿನ ಲೆಕ್ಕ, ಯಾವ ಮನೆಯವರು ಏನು ಸೇವೆ ಮಾಡ್ತಿದ್ರು, ಎಲ್ಲಾ 2004ರಲ್ಲಿ ಒಬ್ಬರ ಕೈಲಿ ಟೈಪ್ ಮಾಡಿಸಿದ್ರು. ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ, ವರ್ಡ್ ಫೈಲು. ತಾತ ಹೋಗಿ ಒಂಬತ್ತು ವರ್ಷ. ಸೀಡಿ ಸಿಕ್ತು, ಫೈಲ್ ತೆರೀತು ಕೂಡ, ಆದ್ರೆ ಒಳಗೆ ಒಂದಕ್ಷರ ಕನ್ನಡ ಇಲ್ಲ, ತಲೆ ಮೇಲೆ ಚುಕ್ಕಿ, ಕೊಂಬು ಇರೋ ಇಂಗ್ಲಿಷ್ ಅಕ್ಷರಗಳ ರಾಶಿ. ಯಾವ ಸ್ಟ್ಯಾಂಡರ್ಡ್ ಇದ್ದಿದ್ರೂ ಇದು ಹಿಂಗೇ ಅಲ್ವಾ?

ಕೋರ್ಟ್‌ರೋಡ್_ಡಿಟಿಪಿ

ಅಯ್ಯೋ ತಾಯಿ, ಅಳ್ಬೇಡಿ, ಅದು ಹೋಗಿಲ್ಲ. ಅದು ಹಳೇ ನುಡಿ, ಯೂನಿಕೋಡ್ (ಎಲ್ಲಾ ಸಿಸ್ಟಂಗೂ ಒಂದೇ ಆಗಿರೋ ಅಕ್ಷರ ಸಂಕೇತ) ಅಲ್ಲ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನ ಕೂರಿಸಿರ್ತಾರೆ, ಆ ಫಾಂಟ್ ಇದ್ರೆ ಕನ್ನಡ, ಇಲ್ದಿದ್ರೆ ಹಿಂಗೆ. ಫಾಂಟ್ ಹಾಕಿ ಮೊದಲು ಓದಿ, ಆಮೇಲೆ ಯೂನಿಕೋಡ್‌ಗೆ ಕನ್ವರ್ಟ್ ಮಾಡಿ. ನಮ್ಮ ಅಂಗಡೀಲಿ ವಾರಕ್ಕೆ ನಾಲ್ಕು ಇಂಥವು ಬರ್ತವೆ. ಒಂದೇ ಹುಷಾರು: ಅರ್ಕಾವೊತ್ತು. ಹಳೇ ನುಡೀಲಿ ಅದು ಕಣ್ಣಿಗೆ ಕಾಣೋ ಜಾಗದಲ್ಲಿ, ಅಂದ್ರೆ ಅಕ್ಷರ ಆದ್ಮೇಲೆ ಬಂದಿರುತ್ತೆ. ಯೂನಿಕೋಡ್‌ನಲ್ಲಿ ಉಚ್ಚಾರದ ಪ್ರಕಾರ ಮೊದಲು ಬರ್ಬೇಕು. ಕನ್ವರ್ಟರ್ ಎಡವಿದ್ರೆ "ಕಾರ್ಯ" ಹೋಗಿ "ಕಾಯರ್" ಆಗುತ್ತೆ. ಪತ್ರಿಕೆಗಳಲ್ಲೂ ಎಷ್ಟೋ ಸಲ ನೋಡಿರ್ತೀರ.

ಮಧುಗಿರಿ_ಹುಡುಗಿ

ಹೌದು ಹೌದು "ಕಾಯರ್ಕ್ರಮ" ಅಂತ!! ಇದಕ್ಕಾ ಅದು? ಥ್ಯಾಂಕ್ಸ್ ಅಣ್ಣ, ಇವತ್ತೇ ನೋಡ್ತೀನಿ.

ವೈಟ್‌ಫೀಲ್ಡ್_ಟು_ಬಂಗಾರಪೇಟೆ

ನೋಡಿ, ಇದೇ ನನ್ನ ಪಾಯಿಂಟು. ಡಿಟಿಪಿ ಅಣ್ಣ, ನಿಮ್ಮ ಟೇಬಲ್ ಕೆಟ್ಟಿದ್ದೂ ಫಾಂಟಿಂದಾನೇ ಇರಬಹುದು. ಆ ಡಾಕ್ಎಕ್ಸ್ ಫೈಲಿನ ಕೊನೆಗೆ ಜಿಪ್ ಅಂತ ಹೆಸರು ಬದಲಾಯಿಸಿ ಬಿಚ್ಚಿ. ಒಳಗೆ ವರ್ಡ್ ಅನ್ನೋ ಫೋಲ್ಡರ್, ಅದರಲ್ಲಿ ಡಾಕ್ಯುಮೆಂಟ್ ಡಾಟ್ ಎಕ್ಸ್‌ಎಂಎಲ್ ಇರುತ್ತೆ. ಯಾವ ಫಾಂಟ್ ಹೆಸರು ಇದೆ ನೋಡಿ. ಕನ್ನಡದ ಥರದ ಲಿಪಿಗಳಿಗೆ ಅಕ್ಷರದ ಗಾತ್ರನೂ ಬೇರೆ ಜಾಗದಲ್ಲಿ ಬರೆದಿರುತ್ತೆ, ಕೊನೇಲಿ ಸಿಎಸ್ ಅಂತ ಇರೋದು ನಮ್ದು. 24 ಅಂತಿದ್ರೆ 12 ಪಾಯಿಂಟ್, ಅರ್ಧ ಅರ್ಧ ಪಾಯಿಂಟಿನ ಲೆಕ್ಕ.

ಕೋರ್ಟ್‌ರೋಡ್_ಡಿಟಿಪಿ

ಮಾಡಿ ಬಂದೆ. ಹದಿನಾರು ವರ್ಷ ಈ ಕೆಲ್ಸ ಮಾಡಿ ಒಂದಿನಾನೂ ಫೈಲ್ ಬಿಚ್ಚಿ ಒಳಗೆ ನೋಡಿರ್ಲಿಲ್ಲ. ಅಲ್ಲಿ ಆ ಅಮ್ಮಂದಿರ ಹೆಸರುಗಳು ಒಂದೊಂದಾಗಿ ಕನ್ನಡದಲ್ಲೇ ಕಾಣ್ತಾವೆ ಸಾರ್, ಸುತ್ತ ಇಂಗ್ಲಿಷ್ ಗುರುತು, ಮಧ್ಯೆ ಹೆಸರು.

ನೀವು ಹೇಳಿದ್ದು ಅರ್ಧ ಸರಿ. ನೋಟೋ ಸಾನ್ಸ್ ಕನ್ನಡ ಹಾಕಿದ್ದೆ, ಗಾತ್ರ 24 ಸರಿಯಾಗೇ ಐತೆ. ಆ ಕಚೇರಿ ಸಿಸ್ಟಂನಲ್ಲಿ ಈ ಫಾಂಟ್ ಇರ್ಲಿಲ್ಲ ಅನ್ಸುತ್ತೆ, ಬೇರೆ ಫಾಂಟ್ ಕೂತು ಸಾಲು ಎತ್ತರ ಆಗವೆ. ನನ್ನ ಬಾಮೈದನ ಲ್ಯಾಪ್‌ಟಾಪಲ್ಲಿ ವರ್ಡ್ ಐತೆ, ಅಲ್ಲಿ ಫಾಂಟ್ ಹಾಕಿ ತೆಗೆದ್ರೆ 14 ಹೆಸರೂ ಒಂದೇ ಪುಟಕ್ಕೆ ಬಂದ್ವು. ಆದ್ರೆ ಸಹಿ ಗೆರೆ ಆಗಲೂ ಎರಡು ಸಾಲು ಕೆಳಗೆ. ಅದು ಫಾಂಟಲ್ಲ, ಟೇಬಲ್ ಸಾಲಿನ ಜಾಗನ ಎರಡು ಸಾಫ್ಟ್‌ವೇರೂ ಬೇರೆ ಬೇರೆ ಲೆಕ್ಕ ಹಾಕ್ತವೆ.

ವೈಟ್‌ಫೀಲ್ಡ್_ಟು_ಬಂಗಾರಪೇಟೆ

ಅದನ್ನ ಒಪ್ಕೊಂಡೆ. ಆ ಎರಡು ಸಾಲಿಗೆ ನನ್ನ ಹತ್ರ ಉತ್ತರ ಇಲ್ಲ. ಲಿಬ್ರೆಆಫೀಸ್‌ನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ ಅಂತ ಹೋಗಿ, ಎಂಬೆಡ್ ಅನ್ನೋದಕ್ಕೆ ಟಿಕ್ ಹಾಕಿ, ಫಾಂಟ್ ಫೈಲೊಳಗೇ ಹೋಗುತ್ತೆ.

ಹಾಲಿನಡೈರಿ_ಗುಬ್ಬಿ

ಸರ್ಕಾರದ ಕಡೆಯಿಂದ ಏನೂ ನಿಯಮ ಇಲ್ವಾ ಇದಕ್ಕೆ?

ಮಾಲೂರು_ಟೆಸ್ಟರ್

ಐತೆ ಅಣ್ಣ. ಕೇಂದ್ರ ಸರ್ಕಾರ 2010 ನವೆಂಬರ್‌ನಲ್ಲಿ ಇ-ಆಡಳಿತಕ್ಕೆ ಓಪನ್ ಸ್ಟ್ಯಾಂಡರ್ಡ್ ನೀತಿ ತಂತು. ರಾಯಲ್ಟಿ ಇರಬಾರದು, ಆದಷ್ಟೂ ಒಂದು ಕೆಲ್ಸಕ್ಕೆ ಒಂದೇ ಸ್ಟ್ಯಾಂಡರ್ಡ್ ಅಂತ. ಆ "ಒಂದೇ" ಅನ್ನೋ ಪದದ ಮೇಲೇ ಕರಡು ಹಂತದಲ್ಲಿ ಉದ್ಯಮದ ಕಡೆಯಿಂದ ಜಗ್ಗಾಟ ನಡೀತು. ಬ್ರಿಟನ್ ಸರ್ಕಾರ 2014ರಲ್ಲಿ ತಿದ್ದೋ ಫೈಲಿಗೆ ಓಡಿಎಫ್ ಅಂತಾನೇ ಹೇಳ್ಬಿಡ್ತು. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30,000 ಕಂಪ್ಯೂಟರ್ ಲಿಬ್ರೆಆಫೀಸ್‌ಗೆ ಬದಲಾಯಿಸ್ತೀವಿ ಅಂತು. ನಮ್ಮಲ್ಲಿ ನೀತಿ ಕಾಗದದಲ್ಲಿ ಐತೆ, ಟೇಬಲ್ ಮುಂದೆ ಕೂತಿರೋ ಗುಮಾಸ್ತರಿಗೆ ಯಾರೂ ಹೇಳಿಲ್ಲ. ಅವರ ಮೇಲೆ ಕೋಪ ಮಾಡ್ಕೊಂಡು ಏನು ಪ್ರಯೋಜನ, ಅವರ ಸಿಸ್ಟಂನಲ್ಲಿ ಇರೋದು ಅದೊಂದೇ.

ಶಿರಾ_ಶೇಂಗಾ

ಡಿಟಿಪಿ ಅಣ್ಣ, ಆ ಸಂಘದೋರ ಅರ್ಜಿ ಏನಾಯ್ತು?

ಕೋರ್ಟ್‌ರೋಡ್_ಡಿಟಿಪಿ

ಇವತ್ತು ನಾನೇ ಅಂಗಡಿ ಬಾಗಿಲು ಹಾಕ್ಕೊಂಡು ಅವರ ಜೊತೆ ಹೋದೆ. ಫಾಂಟ್ ಎಂಬೆಡ್ ಮಾಡಿದ ಡಾಕ್ಎಕ್ಸು, ಓಡಿಟಿ, ಪಿಡಿಎಫ್ ಮೂರೂ ಪೆನ್‌ಡ್ರೈವಲ್ಲಿ, ಜೊತೆಗೆ ಪ್ರಿಂಟು. ಸಹಿ ಗೆರೆ ಮೇಲೆ ಎರಡು ಸಾಲು ಜಾಗ ನಾನೇ ಕಮ್ಮಿ ಮಾಡಿದ್ದೆ. ಗುಮಾಸ್ತರ ಸಿಸ್ಟಂನಲ್ಲೇ ಓಡಿಟಿ ಫೈಲ್ ವರ್ಡ್‌ನಲ್ಲಿ ತೆಗೆಸಿ ತೋರಿಸ್ದೆ. "ಇದು ಇಲ್ಲೂ ತೆರೆಯುತ್ತಾ" ಅಂತ ಅವರಿಗೇ ಆಶ್ಚರ್ಯ. ವರ್ಡ್ 2007ಕ್ಕೆ 2009ರಲ್ಲಿ ಬಂದ ಅಪ್ಡೇಟಿಂದಲೇ ತೆರೆಯುತ್ತೆ ಸಾರ್ ಅಂದೆ. ಅರ್ಜಿ ತಗೊಂಡು ಸ್ವೀಕೃತಿ ಕೊಟ್ರು. ಮಗ ಅಂದಿದ್ದ ಅಮ್ಮ ಬಸ್ ಸ್ಟ್ಯಾಂಡಲ್ಲಿ ಕಡ್ಲೆಕಾಯಿ ಕೊಡಿಸಿದ್ರು.

ಮಧುಗಿರಿ_ಹುಡುಗಿ

ಅಣ್ಣ!! ಕನ್ನಡ ಬಂತು! ಮೊದಲ ಪುಟದಲ್ಲೇ ತಾತನ ಹೆಸರು. ಅರ್ಕಾವೊತ್ತು ನೀವು ಹೇಳಿದಂಗೇ ಎಲ್ಲಾ ಕಡೆ ಕೆಟ್ಟಿದೆ, "ವರ್ಷ" ಇದ್ದ ಕಡೆ "ವಷರ್", "ಕಾರ್ತಿಕ" ಇದ್ದ ಕಡೆ "ಕಾತಿರ್ಕ". ಒಟ್ಟು 62 ಪುಟ, 18 ತಿದ್ದಿದೀನಿ. ಅಮ್ಮ ಪಕ್ಕದಲ್ಲಿ ಕೂತು ಓದಿ ಹೇಳ್ತಿದಾರೆ, ತೂಬಿನ ಹೆಸರುಗಳು ನನಗೆ ಗೊತ್ತಾಗಲ್ಲ, ಅವರಿಗೆ ಗೊತ್ತು. ಓಡಿಟಿ ಒಂದು, ಪಿಡಿಎಫ್ ಒಂದು ಮಾಡಿ ಇಟ್ಕೊತೀನಿ.